ಘಟ್ಟ ದಾಟುವ ಅಲೆ: ಉತ್ತರ ಕನ್ನಡದಲ್ಲಿ ಕೂತು ಹ್ಯಾಮ್ ರೇಡಿಯೋ ಕಲಿಯುವುದು

ಕಾರವಾರದಿಂದ ಶಿರಸಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 80 ಕಿಲೋಮೀಟರ್. ಎರಡೂ ಊರಲ್ಲಿ ಒಬ್ಬೊಬ್ಬರು ವಾಕಿಟಾಕಿ ಹಿಡಿದು ನಿಂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ನಡುವೆ ಘಟ್ಟ ಇದೆ. ಆದರೆ ಅದೇ ಸಂಜೆ ಕಾರವಾರದವರು ಕಡಲ ದಂಡೆಯಲ್ಲಿ ಐದು ಮೀಟರ್ ತಂತಿ ನೆಟ್ಟಗೆ ನಿಲ್ಲಿಸಿ ಇಟಲಿಯವರ ಜತೆ ಮಾತಾಡಬಹುದು. ಶಿರಸಿಯವರು ಅಡಿಕೆ ತೋಟದಲ್ಲಿ ಇಪ್ಪತ್ತು ಮೀಟರ್ ತಂತಿ ಕಟ್ಟಿ, ಘಟ್ಟದ ಕೆಳಗಿನವರ ಜತೆ, ಬೆಂಗಳೂರಿನವರ ಜತೆ ಆರಾಮಾಗಿ ಹರಟಬಹುದು. ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ. ಒಂದು ರೇಡಿಯೋ, ಒಂದು 12 ವೋಲ್ಟ್ ಬ್ಯಾಟರಿ, ಒಂದು ತಂತಿ, ಜತೆಗೆ ಸರ್ಕಾರದ ಲೈಸೆನ್ಸ್ ಇದ್ದರೆ ಸಾಕು.

ಹೀಗೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವುದೇ ಹ್ಯಾಮ್ ರೇಡಿಯೋ, ಮಾತಾಡುವವರು ಹ್ಯಾಮ್‌ಗಳು. ಘಟ್ಟ ದಾಟದ ಮಾತು ಇಟಲಿಗೆ ಹೇಗೆ ಮುಟ್ಟುತ್ತದೆ ಅಂತ ಗೊತ್ತಾದರೆ ಇದರ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಹವ್ಯಾಸಕ್ಕೆ ಹೊಸದಾಗಿ ಬರುವವರು ಕೇಳುವ ಮೊದಲ ಪ್ರಶ್ನೆ "ಯಾವ ಸೆಟ್ ತಗೊಳ್ಳಲಿ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅಲೆ ನಿಮ್ಮ ಮನೆಯಿಂದ ಹೊರಟು ಯಾವ ದಾರಿ ಹಿಡಿಯುತ್ತದೆ ಅನ್ನುವುದು ಮೊದಲು ತಿಳಿಯಬೇಕು. ಅದನ್ನು ಕಲಿಯಲು ಸಮುದ್ರ, ಘಟ್ಟ, ತೋಟ ಮೂರೂ ಒಂದೇ ಕಡೆ ಇರುವ ನಮ್ಮ ಜಿಲ್ಲೆಗಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ.

ಅಲೆ ಹಿಡಿಯುವ ದಾರಿ

ಹ್ಯಾಮ್‌ಗಳಿಗೆ ಒಂದೇ ಫ್ರೀಕ್ವೆನ್ಸಿ ಅಲ್ಲ, ಬೇರೆ ಬೇರೆ ಬ್ಯಾಂಡ್‌ಗಳನ್ನು, ಅಂದರೆ ಇಲ್ಲಿಂದ ಇಲ್ಲಿಯವರೆಗೆ ಅನ್ನುವ ಫ್ರೀಕ್ವೆನ್ಸಿಗಳ ಗುಂಪುಗಳನ್ನು, ಬಿಟ್ಟುಕೊಟ್ಟಿದ್ದಾರೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವವು ಮೂರು. 144ರಿಂದ 146 ಮೆಗಾಹರ್ಟ್ಸ್‌ವರೆಗಿನ 2 ಮೀಟರ್ ಬ್ಯಾಂಡ್, 14.000ದಿಂದ 14.350ರವರೆಗಿನ 20 ಮೀಟರ್ ಬ್ಯಾಂಡ್, 7.000ದಿಂದ 7.200ರವರೆಗಿನ 40 ಮೀಟರ್ ಬ್ಯಾಂಡ್. ಇಲ್ಲಿ ಮೀಟರ್ ಅಂದರೆ ಅಲೆಯ ಉದ್ದ.

2 ಮೀಟರ್ ಬ್ಯಾಂಡಿನ ಅಲೆ ಹೆಚ್ಚುಕಡಿಮೆ ಕಣ್ಣು ಹೋದಷ್ಟೇ ದೂರ ಹೋಗುತ್ತದೆ. ಇದನ್ನು ವಿಎಚ್‌ಎಫ್ ಅನ್ನುತ್ತಾರೆ. ಭೂಮಿ ಬಾಗಿರುವ ಕಾರಣ ಆಂಟೆನಾ ಎಷ್ಟು ಎತ್ತರವೋ ಅಷ್ಟು ದೂರ. ಲೆಕ್ಕ ಸುಲಭ: ಎತ್ತರವನ್ನು ಮೀಟರಿನಲ್ಲಿ ತಗೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಕಾರವಾರದ ದಂಡೆಯ ಮನೆಯಲ್ಲಿ 9 ಮೀಟರ್ ಎತ್ತರದ ಆಂಟೆನಾ ಇದ್ದರೆ ಸುಮಾರು 12 ಕಿಲೋಮೀಟರ್. ಕಡಲಲ್ಲಿರುವ ಬೋಟಿನ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ ಅದರ ಪಾಲು ಇನ್ನೊಂದು 8. ಒಟ್ಟು 20. ಮೀನುಗಾರರ ಬೋಟಿನ ವಿಎಚ್‌ಎಫ್ ಸೆಟ್ಟಿಗೂ ಇದೇ ಲೆಕ್ಕ. ಆದರೆ ಅವರ ಚಾನೆಲ್‌ಗಳೇ ಬೇರೆ, ಪರವಾನಗಿಯೇ ಬೇರೆ. ಹ್ಯಾಮ್ ಆದವರು ಅಲ್ಲಿ ಮಾತಾಡುವ ಹಾಗಿಲ್ಲ.

ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಲೆಕ್ಕದ ಪ್ರಕಾರ ನೂರು ಕಿಲೋಮೀಟರ್ ಸಿಗಬೇಕು, ಅಲ್ವಾ? ಸಿಗುವುದಿಲ್ಲ. ಊರೇ ಗುಡ್ಡಗಳ ನಡುವೆ ಇದೆ. ದೇವಿಮನೆ ಘಟ್ಟದಲ್ಲಿ ಇಳಿಯುವಾಗ ತಿರುವು ತಿರುವಿಗೂ ಮೊಬೈಲ್ ಸಿಗ್ನಲ್ ಬಂದು ಹೋಗುತ್ತದಲ್ಲ, ಕಾರಣ ಇದೇ. ಅದಕ್ಕೇ ಹ್ಯಾಮ್‌ಗಳು ಎತ್ತರದ ಗುಡ್ಡದ ಮೇಲೆ ರಿಪೀಟರ್ ಇಡುತ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡಿದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಕೈಯಲ್ಲಿ ಹಿಡಿಯುವ 5 ವಾಟ್ಸ್ ಸೆಟ್ ಕೂಡ ಆಗ ಒಂದು ತಾಲೂಕು ದಾಟುತ್ತದೆ.

7 ಮತ್ತು 14 ಮೆಗಾಹರ್ಟ್ಸ್ ಶಾರ್ಟ್‌ವೇವ್. ಇವುಗಳ ದಾರಿ ಆಕಾಶದ್ದು. ನೆಲದಿಂದ 200-400 ಕಿಲೋಮೀಟರ್ ಮೇಲೆ ಸೂರ್ಯನ ಬಿಸಿಲಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ ತುಂಬಿದ ಪದರ ಆಗಿರುತ್ತದೆ. ಅದನ್ನು ಎಫ್ ಪದರ ಅನ್ನುತ್ತಾರೆ. ಶಾರ್ಟ್‌ವೇವ್ ಅಲೆ ಅಲ್ಲಿಗೆ ಹೋಗಿ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಅದಕ್ಕಿಂತ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಪದರ ಇದೆ. ಅದು ಹಗಲು ಹೊತ್ತು ಕಡಿಮೆ ಫ್ರೀಕ್ವೆನ್ಸಿಯ ಅಲೆಗಳ ಶಕ್ತಿಯನ್ನು ಹೀರುತ್ತದೆ, ಸೂರ್ಯ ಮುಳುಗಿದ ಮೇಲೆ ಮಾಯವಾಗುತ್ತದೆ. ಹಾಗಾಗಿ 40 ಮೀಟರ್ ಬ್ಯಾಂಡ್ ಹಗಲಲ್ಲಿ ಕೆಲವು ನೂರು ಕಿಲೋಮೀಟರಿನ ಬ್ಯಾಂಡ್, ರಾತ್ರಿ ಖಂಡ ದಾಟುವ ಬ್ಯಾಂಡ್. 20 ಮೀಟರ್ ಬ್ಯಾಂಡ್ ಹಗಲಲ್ಲೂ ಸಂಜೆಯಲ್ಲೂ ದೂರಕ್ಕೆ ಹೋಗುತ್ತದೆ, ಆದರೆ ಹತ್ತಿರದವರನ್ನು ಬಿಟ್ಟುಬಿಡುತ್ತದೆ. ಕಾರವಾರದಿಂದ 14 ಮೆಗಾಹರ್ಟ್ಸ್‌ನಲ್ಲಿ ರೋಮ್ ಕೇಳುತ್ತದೆ, ಹುಬ್ಬಳ್ಳಿ ಕೇಳುವುದಿಲ್ಲ. ಬಾಗಿ ಬಂದ ಅಲೆ ಹುಬ್ಬಳ್ಳಿಯ ತಲೆ ಮೇಲಿಂದ ದಾಟಿ ಹೋಗಿರುತ್ತದೆ. ಈ ನಡುವಿನ ಜಾಗಕ್ಕೆ ಹ್ಯಾಮ್‌ಗಳು ಸ್ಕಿಪ್ ಅನ್ನುತ್ತಾರೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುವುದರಿಂದ ಕೆಲವು ವರ್ಷ ಬ್ಯಾಂಡ್‌ಗಳು ತುಂಬ ಚೆನ್ನಾಗಿರುತ್ತವೆ, ಕೆಲವು ವರ್ಷ ಮಂಕು.

ತೋಟದಲ್ಲೊಂದು ಡೈಪೋಲ್

ಘಟ್ಟ ದಾಟಬೇಕಾದರೆ ಅಲೆಯನ್ನು ಘಟ್ಟದ ಕಡೆ ಕಳಿಸಬಾರದು, ನೇರ ಮೇಲಕ್ಕೆ ಕಳಿಸಬೇಕು. 7 ಮೆಗಾಹರ್ಟ್ಸ್ ಅಲೆ ತಲೆ ಮೇಲಿನ ಎಫ್ ಪದರಕ್ಕೆ ಹೋಗಿ, ತೋಟದ ಜೆಟ್ಟಿನ ನೀರು ಚಿಮ್ಮಿ ಸುತ್ತ ಬೀಳುವ ಹಾಗೆ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರ್ ಜಾಗದ ಮೇಲೆ ಬೀಳುತ್ತದೆ. ಗುಡ್ಡ, ಕಣಿವೆ ಯಾವುದೂ ಲೆಕ್ಕಕ್ಕಿಲ್ಲ. ಯಲ್ಲಾಪುರ, ಅಂಕೋಲಾ, ಹೊನ್ನಾವರ, ಶಿವಮೊಗ್ಗ ಎಲ್ಲ ಒಂದೇ ಸಲ ಸಿಗುತ್ತವೆ. ಇದಕ್ಕೆ ಬೇಕಾದದ್ದು ಎತ್ತರದ ಟವರ್ ಅಲ್ಲ. ಎಂಟು ಹತ್ತು ಮೀಟರ್ ಎತ್ತರದಲ್ಲಿ ಅಡ್ಡ ಕಟ್ಟಿದ ತಂತಿ ಸಾಕು. ತಗ್ಗಿನಲ್ಲಿದ್ದರೆ ಅಲೆ ಹೆಚ್ಚಾಗಿ ಮೇಲಕ್ಕೇ ಹೋಗುತ್ತದೆ.

ಈ ತಂತಿಯೇ ಡೈಪೋಲ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ 20.14 ಮೀಟರ್, ಅಂದರೆ ಅತ್ತ 10.07, ಇತ್ತ 10.07. ಕತ್ತರಿಸುವಾಗ ಎರಡೂ ಕಡೆ ಒಂದು ಗೇಣು ಜಾಸ್ತಿ ಬಿಡಿ. ಮನೆ ವೈರಿಂಗಿಗೆ ಬಳಸುವ ಇನ್ಸುಲೇಟೆಡ್ ತಾಮ್ರದ ವೈರ್ ಆಗುತ್ತದೆ. ನಡುವೆ ಎರಡು ತುಂಡನ್ನೂ ಸೇರಿಸಲು ಪ್ಲಾಸ್ಟಿಕ್ಕಿನ ಒಂದು ತುಂಡು, ಅಲ್ಲಿಂದ ಕೆಳಗೆ ರೇಡಿಯೋಗೆ 50 ಓಮ್‌ನ ಕೋಆಕ್ಸ್ ಕೇಬಲ್. ಒಂದು ತುಂಡು ಕೇಬಲಿನ ಒಳಗಿನ ತಂತಿಗೆ, ಇನ್ನೊಂದು ಹೊರಗಿನ ಜಾಲರಿಗೆ. ಜೋಡಣೆಯ ಜಾಗದಲ್ಲಿ, ತಂತಿ ಮತ್ತು ಕೇಬಲಿನ ನಡುವೆ, ಬಾಲನ್ ಅನ್ನುವ ಸಣ್ಣ ಸಾಧನ ಹಾಕಿದರೆ ಕೇಬಲ್ ತಾನೇ ಆಂಟೆನಾ ಆಗುವುದು ತಪ್ಪುತ್ತದೆ. ಎರಡು ತುದಿಗೂ ನೈಲಾನ್ ಹಗ್ಗ.

ಇನ್ನು ಕಟ್ಟುವುದು. ಅಡಿಕೆ ಮರದಷ್ಟು ಒಳ್ಳೆ ಕಂಬ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮರ ಹತ್ತುವ ಕೊನೆಗೌಡರ ಹತ್ತಿರ ಹೇಳಿದರೆ ಮೇಲೆ ಒಂದು ಸಣ್ಣ ಗಾಲಿ ಕಟ್ಟಿ ಹಗ್ಗ ಇಳಿಬಿಟ್ಟು ಬರುತ್ತಾರೆ. ಆಮೇಲೆ ನೀವು ನೆಲದಲ್ಲೇ ನಿಂತು ತಂತಿಯನ್ನು ಏರಿಸಬಹುದು, ಇಳಿಸಬಹುದು. ಹಗ್ಗವನ್ನು ಬಿಗಿಯಾಗಿ ಕಟ್ಟಬೇಡಿ. ಅಡಿಕೆ ಮರ ಗಾಳಿಗೆ ಬಳುಕುತ್ತದೆ, ಎರಡು ಮರ ಎರಡು ಕಡೆ ವಾಲಿದರೆ ತಂತಿ ತುಂಡಾಗುತ್ತದೆ. ಒಂದು ತುದಿಯ ಹಗ್ಗಕ್ಕೆ ಕಲ್ಲು ತೂಗುಬಿಟ್ಟರೆ ಮರದ ಜತೆ ತಂತಿಯೂ ಸುಮ್ನೆ ತೂಗುತ್ತದೆ. ಈಗ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದನ್ನೇ ಕಂಬ ಮಾಡಿಕೊಳ್ಳುವ ಆಸೆ ಆಗುತ್ತದೆ. ಬೇಡ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಅದರ ಪಕ್ಕ ತಂತಿ ಬಂದರೆ ಆಂಟೆನಾದ ಲೆಕ್ಕ ಕೆಡುತ್ತದೆ, ಕರೆಂಟ್ ಲೈನಿಗೆ ತಾಗಿದರೆ ಜೀವವೇ ಹೋಗುತ್ತದೆ. ಬಿದಿರು ಒಳ್ಳೆಯದು. ಯಾವ ಕಂಬವೇ ಇರಲಿ, ತಂತಿ ಕಳಚಿ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಬೇಕು.

ಏರಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ನೋಡಬೇಕು. ರೇಡಿಯೋ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ಅದು ಹೇಳುತ್ತದೆ. 1.5ಕ್ಕಿಂತ ಕಡಿಮೆ ಇದ್ದರೆ ಚೆನ್ನ, 3 ದಾಟಿದರೆ ರೇಡಿಯೋಗೆ ಅಪಾಯ. ಅತಿ ಕಡಿಮೆ ಅಳತೆ 6.9 ಮೆಗಾಹರ್ಟ್ಸ್‌ನಲ್ಲಿ ಬಂದರೆ ತಂತಿ ಉದ್ದ ಜಾಸ್ತಿ ಅಂತ ಅರ್ಥ. ಎರಡೂ ತುದಿಯನ್ನು ಸ್ವಲ್ಪ ಸ್ವಲ್ಪ ಮಡಚುತ್ತಾ 7.1ಕ್ಕೆ ತರಬೇಕು. ಕತ್ತರಿಸುವುದಕ್ಕಿಂತ ಮಡಚುವುದು ಒಳ್ಳೆಯದು, ಬೇಕಾದರೆ ಮತ್ತೆ ಬಿಡಿಸಬಹುದು.

ಮಲೆನಾಡಿನ ಹಳ್ಳಿಗಳಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ. ಪೇಟೆಗಳಲ್ಲಿ ಎಲ್‌ಇಡಿ ಬಲ್ಬು, ಚಾರ್ಜರ್, ಲಿಫ್ಟು ಎಲ್ಲ ಸೇರಿ ಶಾರ್ಟ್‌ವೇವ್‌ನಲ್ಲಿ ಗುಯ್‌ಗುಟ್ಟುವ ಗದ್ದಲ ತುಂಬಿರುತ್ತದೆ. ಒಂಟಿ ಮನೆಯ ತೋಟದಲ್ಲಿ ಬ್ಯಾಂಡ್ ಶುದ್ಧವಾಗಿರುತ್ತದೆ. ಪೇಟೆಯ ಹ್ಯಾಮ್‌ಗೆ ಕೇಳದ ಸಣ್ಣ ದನಿ ನಿಮಗೆ ಕೇಳುತ್ತದೆ. ನಿಮ್ಮ ಮನೆಯ ಸೋಲಾರ್ ಚಾರ್ಜರ್, ಇನ್ವರ್ಟರ್ ಗದ್ದಲ ಮಾಡುತ್ತಿದೆಯೋ ಅಂತ ಮಾತ್ರ ಒಂದೊಂದನ್ನೇ ಆರಿಸಿ ನೋಡಿ.

ದಂಡೆಯವರ ಭಾಗ್ಯ

ಘಟ್ಟದ ಕೆಳಗಿನವರಿಗೆ ಬೇರೆಯದೇ ವರ ಇದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಸಮುದ್ರದ ಪಕ್ಕದಲ್ಲಿದ್ದರೆ ಅಲೆ ದಿಗಂತಕ್ಕೆ ಹತ್ತಿರವಾಗಿ, ತೀರಾ ತಗ್ಗು ಕೋನದಲ್ಲಿ ಹೊರಡುತ್ತದೆ. ತಗ್ಗು ಕೋನದಲ್ಲಿ ಹೊರಟ ಅಲೆ ಒಂದೇ ನೆಗೆತಕ್ಕೆ ಸಾವಿರಾರು ಕಿಲೋಮೀಟರ್ ಹೋಗುತ್ತದೆ. 14.2 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ತಂತಿ 5 ಮೀಟರ್. ಒಂದು ಗಳುವಿಗೆ ಅದನ್ನು ಕಟ್ಟಿ, ಬುಡದಿಂದ ಅಷ್ಟೇ ಉದ್ದದ ನಾಲ್ಕು ತಂತಿ ನೆಲದ ಮೇಲೆ ಹರಡಿದರೆ ಆಂಟೆನಾ ಮುಗಿಯಿತು. ಮಜಾಳಿಯಿಂದ ಭಟ್ಕಳದವರೆಗೂ ಪಶ್ಚಿಮಕ್ಕೆ ಬರೀ ನೀರು. ಆಫ್ರಿಕಾ, ಕೊಲ್ಲಿ ದೇಶಗಳು, ಯುರೋಪ್ ಎಲ್ಲದಕ್ಕೂ ಅಲೆ ಹೊರಡುವುದು ಅರಬ್ಬಿ ಸಮುದ್ರದ ಮೇಲಿಂದಲೇ.

ಒಮ್ಮೊಮ್ಮೆ ವಿಎಚ್‌ಎಫ್ ಕೂಡ ನಿಯಮ ಮುರಿಯುತ್ತದೆ. ಸಮುದ್ರದ ಮೇಲಿನ ತಂಪು ತೇವದ ಗಾಳಿಯ ಮೇಲೆ ಬಿಸಿ ಒಣ ಗಾಳಿ ಬಂದು ಕೂತರೆ ಎರಡರ ನಡುವೆ ಅಲೆ ಸಿಕ್ಕಿಕೊಂಡು, ಮೇಲಕ್ಕೆ ತಪ್ಪಿಸಿಕೊಳ್ಳದೆ, ನೀರಿನುದ್ದಕ್ಕೂ ಸಾಗುತ್ತದೆ. ಮಳೆಗಾಲಕ್ಕೆ ಮೊದಲಿನ ಬಿಸಿಲಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಮೇಲೆ ಇದು ಜೋರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯ ರಾಡಾರಿಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ಕರಾವಳಿ ಕಂಡಿದ್ದು ಹೀಗೆ. ಬೇಸಿಗೆಯಲ್ಲಿ ದಂಡೆಯ ಹ್ಯಾಮ್‌ಗಳು ರಾತ್ರಿ ಹೊತ್ತು 2 ಮೀಟರ್ ಬ್ಯಾಂಡಿನ ಮೇಲೆ ಕಿವಿ ಇಡಬೇಕು.

ಕಡಲು ಕೊಡುವುದೂ ಹೌದು, ತಿನ್ನುವುದೂ ಹೌದು. ಉಪ್ಪುಗಾಳಿಗೆ ತಾಮ್ರ ಹಸಿರಾಗುತ್ತದೆ, ಕನೆಕ್ಟರ್ ಕಿಲುಬು ಹಿಡಿಯುತ್ತದೆ, ಕೋಆಕ್ಸ್ ಒಳಗೆ ನೀರು ಇಳಿಯುತ್ತದೆ. ಜೋಡಣೆಗಳನ್ನು ಬೆಸೆದು, ರಬ್ಬರ್ ಟೇಪ್ ಸುತ್ತಿ, ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಬೇಕು. ಘಟ್ಟದ ಮೇಲಾಗಲಿ ಕೆಳಗಾಗಲಿ, ಗುಡುಗಿನ ದಿನಗಳಲ್ಲಿ ಕೇಬಲನ್ನು ರೇಡಿಯೋದಿಂದ ಕಳಚಿ ಮನೆಯ ಹೊರಗೆ ಇಡಿ. ಇದರಲ್ಲಿ ಸೋಮಾರಿತನ ಬೇಡವೇ ಬೇಡ.

ಪೆಟ್ಟಿಗೆ, ಪರೀಕ್ಷೆ, ಮಾತು

ಈಗ ರೇಡಿಯೋ ಸೆಟ್ ವಿಷಯಕ್ಕೆ ಬರೋಣ. ಐಕಾಮ್ ಐಸಿ-7300, ಯೇಸು ಎಫ್‌ಟಿ-891 ತರಹದ 100 ವಾಟ್ಸ್ ಸೆಟ್‌ಗಳು ಶಾರ್ಟ್‌ವೇವ್‌ಗೆ ಜನಪ್ರಿಯ. ಬೆಲೆ ದುಬಾರಿ. ಇವೆಲ್ಲ 13.8 ವೋಲ್ಟ್‌ನಲ್ಲಿ ಓಡುತ್ತವೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ನೇರ ಬಳಸಬಹುದು, ಅದು 12 ವೋಲ್ಟಿನದಾಗಿದ್ದರೆ. ನನ್ನ ಮೆಚ್ಚಿನದು ಮಾತ್ರ ಬಿಟ್‌ಎಕ್ಸ್. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಈ ಸಣ್ಣ ರೇಡಿಯೋವನ್ನು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಬೆಸೆದು ಕಟ್ಟಬಹುದು. ಜಗತ್ತಿನಾದ್ಯಂತ ಹ್ಯಾಮ್‌ಗಳು ಅದನ್ನು ಕಟ್ಟಿದ್ದಾರೆ. ಕೆಲವೇ ವಾಟ್ಸ್ ಇದ್ದರೂ ತೋಟದ ಡೈಪೋಲ್ ಜತೆ ಬಿಟ್‌ಎಕ್ಸ್ ಇಡೀ ದಕ್ಷಿಣ ಭಾರತವನ್ನು ಮಾತಾಡಿಸುತ್ತದೆ. ಕಟ್ಟಿದವರಿಗೆ ರೇಡಿಯೋದ ಒಳಗೆ ಏನಿದೆ ಅಂತಲೂ ತಿಳಿಯುತ್ತದೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೈಸೆಟ್ ಬಗ್ಗೆ ಒಂದು ಮಾತು. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಒತ್ತಿ ಮಾತಾಡುವುದೂ ಅಪರಾಧ. ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ. ನಮ್ಮ ಜಿಲ್ಲೆಯಲ್ಲಂತೂ ಲೈಸೆನ್ಸಿನ ಪ್ರತಿ ಜೇಬಿನಲ್ಲೇ ಇರಲಿ.

ಲೈಸೆನ್ಸ್ ಪಡೆಯುವುದು ಕಷ್ಟವೇನಲ್ಲ. ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ಇದನ್ನು ಕೊಡುತ್ತದೆ, ಅರ್ಜಿ ಸರಳ್ ಸಂಚಾರ್ ಪೋರ್ಟಲಿನಲ್ಲಿ. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ನಿಯಮ. ಪಿಯುಸಿ ವಿಜ್ಞಾನ ಓದಿದವರಿಗೆ ಅರ್ಧ ಗೊತ್ತಿರುವುದೇ. ಜನರಲ್ ದರ್ಜೆಗೆ ಇದರ ಜತೆ ಚುಕ್ಕೆ ಗೆರೆಗಳ ಮೋರ್ಸ್ ಕೋಡ್, ನಿಮಿಷಕ್ಕೆ 8 ಪದ. ಪ್ರತಿ ಹ್ಯಾಮ್‌ಗೂ ಕಾಲ್‌ಸೈನ್ ಅನ್ನುವ ಗುರುತು ಸಿಗುತ್ತದೆ: ರಿಸ್ಟ್ರಿಕ್ಟೆಡ್‌ನವರದ್ದು ವಿಯು3ರಿಂದ, ಜನರಲ್‌ನವರದ್ದು ವಿಯು2ರಿಂದ ಶುರು. ಶಾರ್ಟ್‌ವೇವ್‌ನಲ್ಲಿ ರಿಸ್ಟ್ರಿಕ್ಟೆಡ್‌ನವರಿಗೆ 50 ವಾಟ್ಸ್, ಜನರಲ್‌ನವರಿಗೆ 400 ವಾಟ್ಸ್‌ವರೆಗೆ ಅವಕಾಶ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್, ಅವರದ್ದು ವಿಯು2ಆರ್‌ಜಿ. ಆ ಕಾಲ್‌ಸೈನ್ ಜಗತ್ತಿನಲ್ಲಿ ಇನ್ಯಾರಿಗೂ ಇರುವುದಿಲ್ಲ. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರ, ಹಾಡು ಹಾಕುವುದು, ಗುಪ್ತ ಸಂಕೇತ ಯಾವುದಕ್ಕೂ ಅವಕಾಶ ಇಲ್ಲ. ಅಡಿಕೆ ಧಾರಣೆ ಕೇಳಿ ಮಾರಾಟ ಮಾಡುವುದು ಕೂಡ ಸಲ್ಲ.

ಲೈಸೆನ್ಸ್ ಬರುವ ತನಕ ಸುಮ್ನೆ ಕೂರಬೇಕಿಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ ತನ್ನ ಶಾರ್ಟ್‌ವೇವ್ ರಿಸೀವರನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ತೆರೆದಿಟ್ಟಿದೆ. ಮೊಬೈಲಿನಲ್ಲೇ ಟ್ಯೂನ್ ಮಾಡಿ ಕೇಳಬಹುದು. ಮಾತಿನ ಪದ್ಧತಿ ಕೇಳಿಯೇ ಕಲಿಯುವಂಥದ್ದು. ಒಬ್ಬರು "ಸಿಕ್ಯು, ಸಿಕ್ಯು", ಅಂದರೆ ಕೇಳುತ್ತಿರುವ ಯಾರಾದರೂ ಉತ್ತರಿಸಿ, ಅಂತ ಕರೆದು ತಮ್ಮ ಕಾಲ್‌ಸೈನ್ ಹೇಳುತ್ತಾರೆ. ಕೇಳಿದವರು ತಮ್ಮದನ್ನು ಹೇಳುತ್ತಾರೆ. ಆಮೇಲೆ ವರದಿ: "ಫೈವ್ ನೈನ್" ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ತುಂಬ ಜೋರು. ಹೆಸರು, ಊರು, ಹವಾಮಾನ, ಆಂಟೆನಾ. ಕೊನೆಗೆ "ಸೆವೆಂಟಿ ತ್ರೀ", ಅಂದರೆ ಶುಭಾಶಯ. ಬೆಳಗಿನ ಹೊತ್ತು 40 ಮೀಟರಿನಲ್ಲಿ ನೆಟ್ ನಡೆಯುತ್ತದೆ: ಒಬ್ಬರು ಹಾಜರಿ ಕರೆಯುತ್ತಾರೆ, ಉಳಿದವರು ಸರದಿಯಂತೆ ಮಾತಾಡುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಮೋರ್ಸ್ ಹಳೆಯದಾಯಿತು ಅನ್ನುವವರಿದ್ದಾರೆ. ಮಾತು ಮುಳುಗಿಹೋಗುವ ಗದ್ದಲದಲ್ಲೂ ಮೋರ್ಸ್ ಕಿವಿಗೆ ಸಿಗುತ್ತದೆ, ಅದಕ್ಕೇ ಇಂದಿಗೂ ಜನ ಅದನ್ನು ಬಿಟ್ಟಿಲ್ಲ. ಅದಕ್ಕಿಂತ ಸಣ್ಣ ಸಿಗ್ನಲ್‌ಗೆ ಎಫ್‌ಟಿ8 ಇದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಅವರ ಜತೆ ಸೇರಿ 2017ರಲ್ಲಿ ರೂಪಿಸಿದ ವಿಧಾನ ಇದು. ಕಂಪ್ಯೂಟರ್ ಮೂಲಕ 15 ಸೆಕೆಂಡಿಗೊಂದು ಪುಟ್ಟ ಸಂದೇಶ ಹೋಗುತ್ತದೆ. ಕಿವಿಗೆ ಏನೂ ಕೇಳದಿದ್ದಾಗಲೂ ಪರದೆಯ ಮೇಲೆ ಕಾಲ್‌ಸೈನ್ ಮೂಡುತ್ತದೆ.

ಪ್ರಶಸ್ತಿಗಳ ಬೆನ್ನು ಹತ್ತಿ

ಮಾತಾಡಿದ್ದಕ್ಕೆ ಸಾಕ್ಷಿ ಕ್ಯುಎಸ್‌ಎಲ್ ಕಾರ್ಡ್. ಅಂಚೆ ಕಾರ್ಡಿನಷ್ಟು ದೊಡ್ಡದು. ಮುಂದೆ ನಿಮ್ಮ ಕಾಲ್‌ಸೈನ್, ಊರಿನ ಚಿತ್ರ. ಯಾಣದ ಬಂಡೆಯೋ ಕಾಳಿ ಸೇತುವೆಯೋ ನಿಮ್ಮ ಇಷ್ಟ. ಹಿಂದೆ ದಿನಾಂಕ, ಸಮಯ, ಬ್ಯಾಂಡ್, ವರದಿ. ಸಮಯ ಬರೆಯುವುದು ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು, ಎಲ್ಲ ದೇಶದವರಿಗೂ ಒಂದೇ ಆಗಲಿ ಅಂತ. ಈಗ ಬಹಳಷ್ಟು ಜನ ಇದನ್ನು ಆನ್‌ಲೈನಿನಲ್ಲೇ ಮುಗಿಸುತ್ತಾರೆ. ಕಾಗದದ ಕಾರ್ಡ್ ಅಂಚೆಯಲ್ಲಿ ಬಂದಾಗಿನ ಖುಷಿ ಬೇರೆ.

ಈ ಸಾಕ್ಷಿಗಳನ್ನು ಕೂಡಿಸಿಯೇ ಪ್ರಶಸ್ತಿ. ಆರು ಖಂಡಗಳನ್ನು ಮಾತಾಡಿಸಿದರೆ ಡಬ್ಲ್ಯುಎಸಿ. ಇದು ಹೊಸಬರ ಮೊದಲ ಗುರಿ ಆಗಲಿ. ಜಗತ್ತನ್ನು 40 ವಲಯ ಮಾಡಿದ ಡಬ್ಲ್ಯುಎಝಡ್ ಪ್ರಶಸ್ತಿಯ ಲೆಕ್ಕದಲ್ಲಿ ನಾವು 22ನೇ ವಲಯದವರು. ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆ ಕೊಡುವ ಡಿಎಕ್ಸ್‌ಸಿಸಿ. ಅದರ ಪಟ್ಟಿಯಲ್ಲಿ 340 ದೇಶ, ದ್ವೀಪಗಳಿವೆ. 100 ಸಿಕ್ಕರೆ ಪ್ರಶಸ್ತಿ. ದೂರದ ದ್ವೀಪಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಜಾಗ ಇರುತ್ತದೆ. ನಮ್ಮ ದೇಶವೇ ಮೂರು ಕಡೆ ಬರುತ್ತದೆ: ಒಂದು ಭಾರತ, ಇನ್ನೊಂದು ವಿಯು4 ಅಂಡಮಾನ್ ನಿಕೋಬಾರ್, ಮತ್ತೊಂದು ವಿಯು7 ಲಕ್ಷದ್ವೀಪ. ಅಲ್ಲಿ ಹ್ಯಾಮ್‌ಗಳು ಕಡಿಮೆ. ಆದ್ದರಿಂದ ಯಾರಾದರೂ ಹೋಗಿ ರೇಡಿಯೋ ಹಾಕಿದರೆ ಜಗತ್ತೇ ಮುಗಿಬೀಳುತ್ತದೆ. 1964ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಐಒಟಿಎ ಪ್ರಶಸ್ತಿ ಪೂರ್ತಿ ದ್ವೀಪಗಳದ್ದೇ. ಪ್ರತಿ ಆಗಸ್ಟಿನಲ್ಲಿ ಒಂದು ವಾರಾಂತ್ಯ ಜಗತ್ತಿನ ದೀಪಸ್ತಂಭಗಳಿಂದ ಹ್ಯಾಮ್‌ಗಳು ಮಾತಾಡುತ್ತಾರೆ. ಕಾರವಾರದ ಎದುರಿಗಿರುವ ದೇವಗಡ ದ್ವೀಪದ ದೀಪಸ್ತಂಭ ನೋಡಿದಾಗಲೆಲ್ಲ ನನಗೆ ಅದೇ ಆಸೆ. ಆದರೆ ಆಗಸ್ಟಿನಲ್ಲಿ ಕಡಲು ಇನ್ನೂ ಒರಟು, ದೀಪಸ್ತಂಭಕ್ಕೆ ಅನುಮತಿಯೂ ಬೇಕು. ದಂಡೆಯ ಮೇಲಿನದ್ದನ್ನು ಆರಿಸಿಕೊಳ್ಳುವುದೇ ವಾಸಿ.

ಇದೆಲ್ಲ ಕಾಗದ ಕೂಡಿಸುವ ಆಟ ಅನಿಸಬಹುದು. 2004ರ ಡಿಸೆಂಬರಿನಲ್ಲಿ ನಡೆದದ್ದನ್ನು ಕೇಳಿ. ಬಹಳ ವರ್ಷ ಹ್ಯಾಮ್‌ಗಳಿಗೆ ಅನುಮತಿ ಸಿಗದಿದ್ದ ಅಂಡಮಾನಿಗೆ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ತಂಡದೊಂದಿಗೆ ಹೋಗಿದ್ದರು. ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ ವಿಯು4 ಬೇಕಾದವರಿಗಾಗಿ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಅಂತ ಮಾತಾಡುತ್ತಿದ್ದರು. 26ರ ಬೆಳಗ್ಗೆ ಭೂಕಂಪ, ಸುನಾಮಿ. ಫೋನುಗಳು ಸತ್ತವು. ಪ್ರಶಸ್ತಿಗಾಗಿ ಕಟ್ಟಿದ ಅದೇ ಆಂಟೆನಾ, ಅದೇ ರೇಡಿಯೋ ಆ ಕ್ಷಣದಿಂದ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಲು ನಿಂತವು. ಪ್ರಶಸ್ತಿಯ ಹುಚ್ಚಿರುವ ಹ್ಯಾಮ್‌ಗೆ ಸಣ್ಣ ಸಿಗ್ನಲ್ ಹಿಡಿಯುವ ಕಿವಿ, ಸರಿಯಾಗಿ ಬರೆದುಕೊಳ್ಳುವ ಕೈ, ಎಲ್ಲಿ ಬೇಕಾದರೂ ಆಂಟೆನಾ ಏರಿಸುವ ಅಭ್ಯಾಸ ಮೊದಲೇ ಬಂದಿರುತ್ತದೆ.

ನಮಗೂ ಇದು ದೂರದ ಮಾತಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಜರಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಹಳ್ಳಿಗಳು ಸಂಪರ್ಕ ಕಳೆದುಕೊಳ್ಳುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಕಲಿಯಲು ಜನ ಬೇಕು, ಅದಕ್ಕೆ ಕ್ಲಬ್. ದೇಶದ ಮಟ್ಟದಲ್ಲಿ 1954ರಿಂದ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಇದೆ. ಸದಸ್ಯರ ಕ್ಯುಎಸ್‌ಎಲ್ ಕಾರ್ಡುಗಳನ್ನು ಅದರ ಬ್ಯೂರೋ ಒಟ್ಟಿಗೆ ಹೊರದೇಶಕ್ಕೆ ಕಳಿಸುತ್ತದೆ. ಬೆಂಗಳೂರಿನಲ್ಲಿ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಮತ್ತು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಕರಾವಳಿಯಲ್ಲಿ ಮಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇವೆ. ವರ್ಷಕ್ಕೊಮ್ಮೆ ಬೇರೆ ಬೇರೆ ಊರಲ್ಲಿ ಹ್ಯಾಮ್‌ಫೆಸ್ಟ್ ನಡೆಯುತ್ತದೆ. ಹಳೆಯ ಸೆಟ್ ಕೊಳ್ಳಲು, ಆಂಟೆನಾ ಕಣ್ಣಾರೆ ನೋಡಲು ಅಲ್ಲಿಗೆ ಹೋಗಿ.

ನನಗೆ ನಿಜವಾಗಿ ಬೇಕಾಗಿರುವುದು ಘಟ್ಟದ ಮೇಲಿನ ಒಂದು ಕಾಲೇಜಿನಲ್ಲಿ, ಘಟ್ಟದ ಕೆಳಗಿನ ಒಂದು ಕಾಲೇಜಿನಲ್ಲಿ ಒಂದೊಂದು ಕ್ಲಬ್ ಸ್ಟೇಷನ್. ಕ್ಲಬ್ಬಿನ ಹೆಸರಿನಲ್ಲಿಯೂ ಲೈಸೆನ್ಸ್ ಸಿಗುತ್ತದೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಒಂದು ಮೇಜು, ಹುಡುಗರು ಹುಡುಗಿಯರು ಬೆಸೆದ ಒಂದು ಬಿಟ್‌ಎಕ್ಸ್, ಒಂದು 12 ವೋಲ್ಟ್ ಬ್ಯಾಟರಿ, ಅಂಗಳದಲ್ಲಿ ತಗ್ಗು ಡೈಪೋಲ್. ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೊಂದು ದಿನ ಬೆಳಗ್ಗೆ 7.1 ಮೆಗಾಹರ್ಟ್ಸ್‌ನಲ್ಲಿ, ರಾತ್ರಿ ಆ ಬ್ಯಾಂಡ್ ಹತ್ತಿರದವರಿಗೆ ಕೈಕೊಟ್ಟಾಗ 3.5 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ, ಕರೆಂಟ್ ಇದ್ದರೂ ಬ್ಯಾಟರಿಯಲ್ಲೇ ಎರಡೂ ಕಾಲೇಜು ಮಾತಾಡಲಿ. ಯಾವ ಹೊತ್ತಿಗೆ ಎಷ್ಟು ಚೆನ್ನಾಗಿ ಕೇಳಿತು ಅಂತ ಲಾಗ್ ಪುಸ್ತಕದಲ್ಲಿ ಬರೆದಿಡಲಿ.